ದೇವರು ಉಂಟಾ ಎಂದು ಕೇಳುವ ಮೊದಲು

ಕಳೆದ ಬೇಸಿಗೆ ರಜೆಯಲ್ಲಿ ಒಂದು ದಿನ ಕಾಸರಗೋಡಿನ ಪೆರ್ಲದಲ್ಲಿ, ಸ್ವರ್ಗ ಎಂಬ ಊರಿಗೆ ಹೋಗುವ ಬಸ್ಸು ಹತ್ತಿ ಕೂತಿದ್ದೆವು, ನಾನು ಮತ್ತು ಮಗಳು. ಚಿಕ್ಕಮ್ಮನನ್ನು ನೋಡಿ ಬರೋಣ ಅಂತ ಹೊರಟದ್ದು. ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ಕಿಟಕಿಯ ಹೊರಗೆ ನೋಡುತ್ತಾ ಇದ್ದ ಮಗಳು ತಿರುಗಿ, "ಅಪ್ಪಾ, ದೇವರು ನಿಜವಾಗಿಯೂ ಉಂಟಾ?" ಎಂದು ಕೇಳಿದಳು. ಅವಳಿಗೆ ಹದಿನಾಲ್ಕು ವರ್ಷ. ಸುಮ್ನೆ ಕೇಳಿದ ಹಾಗಿರಲಿಲ್ಲ. ಎಷ್ಟೋ ದಿನದಿಂದ ಒಳಗೆ ಇಟ್ಟುಕೊಂಡದ್ದನ್ನು ಈಗ ಹೊರಗೆ ತೆಗೆದ ಹಾಗಿತ್ತು. ನಾನು "ಉಂಟು" ಎಂದೆ. ಯೋಚನೆ ಮಾಡದೆ, ತಕ್ಷಣ. ಅವಳು ತಲೆ ಆಡಿಸಿ ಮತ್ತೆ ಕಿಟಕಿಯ ಕಡೆಗೆ ತಿರುಗಿದಳು. ಮಾತು ಅಲ್ಲಿಗೆ ಮುಗಿಯಿತು.

ಹಾಗೆ ಮುಗಿದುಹೋದದ್ದೇ ಆಮೇಲೆ ನನ್ನನ್ನು ಕೊರೆಯಲು ಶುರುಮಾಡಿತು. ನಾನು "ಇಲ್ಲ" ಎಂದಿದ್ದರೂ ಮಾತು ಅಷ್ಟೇ ಬೇಗ ಮುಗಿಯುತ್ತಿತ್ತು. ಅಂಗಡಿಗೆ ಹೋಗಿ "ಬೆಲ್ಲ ಉಂಟಾ" ಎಂದು ಕೇಳುತ್ತೇವೆ. ಉಂಟು ಎಂದರೆ ತರುತ್ತೇವೆ, ಇಲ್ಲ ಎಂದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಬೆಲ್ಲ ಎಂದರೆ ಏನು ಎಂಬುದು ಕೇಳುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು. ದೇವರ ವಿಷಯದಲ್ಲಿ ಗೊತ್ತಿಲ್ಲದ್ದು ಅದೇ ಅಲ್ವಾ? ಅವಳು ಯಾವ ದೇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿದಳು, ನಾನು ಯಾವ ದೇವರ ಬಗ್ಗೆ ಉಂಟು ಎಂದೆ, ಎರಡೂ ಒಂದೇನಾ ಎಂದು ನಾವು ನೋಡಲೇ ಇಲ್ಲ.

ಕಾಸರಗೋಡಿನವರಿಗೆ ಈ ತೊಂದರೆ ಬೇಗ ಅರ್ಥವಾಗಬೇಕು. ನಮ್ಮ ಒಂದು ಬಸ್ಸಿನಲ್ಲಿ ಐದಾರು ಭಾಷೆ ಇರುತ್ತದೆ. ಒಂದೊಂದರಲ್ಲಿ ದೇವರು ಒಂದೊಂದು ರೀತಿ ಇರುತ್ತಾರೆ. ತುಳುವಿನಲ್ಲಿ "ದೇವೆರ್ ಉಳ್ಳೆರ್" ಎನ್ನುತ್ತಾರೆ, ಮನೆಯ ಹಿರಿಯರು ಒಳಗೆ ಇದ್ದಾರೆ ಎಂದ ಹಾಗೆ, ಮರ್ಯಾದೆ ಕೊಟ್ಟು. ಮಲಯಾಳದಲ್ಲಿ "ದೈವಂ ಉಂಡ್" ಎಂದರೆ ಅದರಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ಮಾಪಿಳ್ಳೆ ಮನೆಗಳಲ್ಲಿ ಅಜ್ಜಿಯಂದಿರು "ಪಡಚ್ಚೋನ್" ಎನ್ನುತ್ತಾರೆ, ಸೃಷ್ಟಿ ಮಾಡಿದವನು ಎಂದು. ನಮ್ಮ ಹವ್ಯಕದಲ್ಲಿ "ದೇವರು ಇದ್ದವು" ಎನ್ನುತ್ತೇವೆ. ಬರೆಯುವ ಕನ್ನಡದಲ್ಲಿ "ದೇವರು" ಎಂಬ ಪದ ಮರ್ಯಾದೆಯದ್ದು, ಆದರೂ "ದೇವರು ಇದ್ದಾನೆ" ಎಂದು ಏಕವಚನಕ್ಕೆ ಇಳಿಯುತ್ತೇವೆ. ಕಷ್ಟ ಬಂದಾಗಂತೂ "ದೇವರೇ, ನೀನೇ ಕಾಪಾಡು". ಅಪ್ಪನನ್ನು ನೀವು ಎಂದು ಕರೆಯುವವರೂ ದೇವರನ್ನು ನೀನು ಎನ್ನುತ್ತಾರೆ. ಇದ್ದಾನೆ ಎಂದರೆ ಗಂಡು, ಇದ್ದಾಳೆ ಎಂದರೆ ಹೆಣ್ಣು, ಇದೆ ಎಂದರೆ ಒಂದು ವಸ್ತು. ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಅರ್ಧ ಉತ್ತರ ಅದರೊಳಗೆ ಕೂತಿರುತ್ತದೆ. ನಮ್ಮ ಕರಾವಳಿಯ "ಉಂಟು" ಒಂದಕ್ಕೆ ಈ ಕಟ್ಟು ಇಲ್ಲ. ಅದಕ್ಕೇ ಇರಬೇಕು, ಮನೆಯಲ್ಲಿ ಹವ್ಯಕ ಕೇಳಿ ಬೆಳೆದ ಮಗಳು ಈ ಮಾತನ್ನು ಮಾತ್ರ ಪೇಟೆಯ ಕನ್ನಡದಲ್ಲಿ ಕೇಳಿದ್ದು. ಆದರೆ ಪದ ಎಷ್ಟು ಒಳ್ಳೆಯದಾದರೂ ಬೆಲ್ಲಕ್ಕೂ ದೇವರಿಗೂ ಅದನ್ನೇ ಹಾಕಿ ಕೇಳುವಾಗ ಏನೋ ತಪ್ಪಿಹೋಗುತ್ತದೆ.

ಬಸ್ಸು ಹೊರಟಿತು. ಬಲಕ್ಕೆ ಗುಡ್ಡೆ, ಎಡಕ್ಕೆ ಅಡಕೆ ತೋಟ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ನೆನಪಾಗುವುದು ಬೇರೆ ಒಂದು ಪ್ರಶ್ನೆ. ಅದನ್ನು ಇಟ್ಟದ್ದು ನನ್ನ ಕೈ.

ಬಿಸಿಲು ಬಿದ್ದ ಮನೆ

ನಮ್ಮ ಕಡೆ ಪ್ರಶ್ನೆಯನ್ನು ಕೇಳುವುದು ಮಾತ್ರ ಅಲ್ಲ, ಇಡುವುದೂ ಉಂಟು. ಮನೆಯಲ್ಲಿ ಸಾಲಾಗಿ ಕಷ್ಟ ಬಂದರೆ "ಒಂದು ಪ್ರಶ್ನೆ ಇಡಿಸಿ ನೋಡಿ" ಎನ್ನುತ್ತಾರೆ. ಜೋಯಿಸರು ಬರುತ್ತಾರೆ, ಕವಡೆ ತರುತ್ತಾರೆ, ವೀಳ್ಯದೆಲೆ ಎಣಿಸುತ್ತಾರೆ. ದೊಡ್ಡದಾದರೆ ಅಷ್ಟಮಂಗಲ ಪ್ರಶ್ನೆ. ಅದರಲ್ಲಿ ಹನ್ನೆರಡು ಮನೆಗಳ ರಾಶಿಚಕ್ರ ಬರೆದು, ಮಿಂದು ಬಂದ ಒಂದು ಮಗುವಿನ ಕೈಯಲ್ಲಿ ಹೂವಿನ ಜೊತೆ ಚಿನ್ನದ ತುಂಡು ಕೊಡುತ್ತಾರೆ. ಮಗು ತನಗೆ ತೋಚಿದ ಮನೆಯಲ್ಲಿ ಅದನ್ನು ಇಡಬೇಕು. ಅಲ್ಲಿಂದ ಉಳಿದದ್ದೆಲ್ಲ ಶುರುವಾಗುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಪ್ರಶ್ನೆ ಇಡಿಸಿದಾಗ ನನಗೆ ಹತ್ತು ವರ್ಷ. ಜನವರಿ ತಿಂಗಳು, ಗೇರು ಮರಗಳೆಲ್ಲ ಹೂ ಬಿಟ್ಟಿದ್ದವು. ತೋಡಿನ ತಣ್ಣೀರಿನಲ್ಲಿ ಮಿಂದು ಒದ್ದೆ ಪಂಚೆಯಲ್ಲಿ ನಡುಗುತ್ತಾ ಜಗಲಿಯಲ್ಲಿ ನಿಂತಿದ್ದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹನ್ನೆರಡು ಮನೆಗಳಲ್ಲಿ ಒಂದರ ಮೇಲೆ ಮಾಡಿನ ಸಂದಿಯಿಂದ ಬಿಸಿಲು ಬಿದ್ದಿತ್ತು. ನನಗೆ ಚಳಿ ಆಗುತ್ತಿತ್ತು. ಬಿಸಿಲು ಬಿದ್ದ ಮನೆಯಲ್ಲಿ ಚಿನ್ನ ಇಟ್ಟೆ.

ಕೇಳಬೇಕಾಗಿದ್ದ ವಿಷಯ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿತ್ತು. ಚಿಕ್ಕಮ್ಮನ ಮಗ. 1980ರ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಹುಟ್ಟಿದವನು. ನಾಲ್ಕು ವರ್ಷ ಕಳೆದರೂ ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಕರುವಿಗೂ ಕಾಲು ತಿರುಚಿಕೊಂಡಿತ್ತು. ಎರಡು ವರ್ಷದ ಹಿಂದೆ ಸಾಕಿದ ಜೇನು ಪೆಟ್ಟಿಗೆಯಲ್ಲಿ ಒಂದು ಹುಳವೂ ಉಳಿದಿರಲಿಲ್ಲ. ಯಾಕೆ ಹೀಗೆ? ಯಾರ ಕೋಪ?

ಇಡೀ ದಿನ ನಡೆಯಿತು. ಸಂಜೆಯ ಹೊತ್ತಿಗೆ ಉತ್ತರ ಸಿಕ್ಕಿತು. ಚಿಕ್ಕಪ್ಪನ ಅಜ್ಜನ ಕಾಲದಲ್ಲಿ ನಾಗಬನದ ಒಂದು ಮರ ಕಡಿದಿದ್ದಾರೆ. ಜಟಾಧಾರಿ ದೈವಕ್ಕೆ ಸಲ್ಲಬೇಕಾದ ಸೇವೆ ಬಾಕಿ ಉಂಟು. ಆ ಕಾಲದಲ್ಲಿ ಎಣ್ಮಕಜೆ, ಪಡ್ರೆ ಕಡೆಯ ಎಷ್ಟೋ ಮನೆಗಳಲ್ಲಿ ಇದನ್ನೇ ನಂಬಿದ್ದರು, ಜಟಾಧಾರಿ ಮುನಿದಿದೆ ಎಂದು. ಆಶ್ಲೇಷ ಬಲಿ, ತಂಬಿಲ, ಬಾಕಿ ಸೇವೆ, ಎಲ್ಲ ಮಾಡಿಸಿದರು. ಆ ವರ್ಷದ ಅಡಕೆಯ ದುಡ್ಡು ಅದಕ್ಕೇ ಹೋಯಿತು.

ಆ ದಿನದ್ದು ಇನ್ನೊಂದು ನೆನಪು ಇದೆ. ಆಗ ಅದಕ್ಕೆ ಅರ್ಥ ಇರಲಿಲ್ಲ. ಅಂಗಳದ ಆಚೆ, ಕಲ್ಲು ಕಟ್ಟಿದ ದರೆಯ ಹತ್ತಿರ ಕೆಲಸದವರು ನಿಂತಿದ್ದರು. ಅಂಗಳಕ್ಕೆ ಬರುವ ಕ್ರಮ ಇರಲಿಲ್ಲ. ಅಡಕೆ ಹೆಕ್ಕಲು ಬರುತ್ತಿದ್ದ ಒಬ್ಬ ಹೆಂಗಸು ತುಳುವಿನಲ್ಲಿ ಏನೋ ಹೇಳಿದಳು. ತಮ್ಮ ಕಡೆಯಲ್ಲೂ ಇಂಥದ್ದೇ ಒಂದು ಮಗು ಉಂಟು, ಗುಡ್ಡೆಯ ಆಚೆ ಮನೆಯಲ್ಲಿ ಇನ್ನೊಂದು ಉಂಟು ಎಂದು. ಜಗಲಿಯಲ್ಲಿದ್ದ ಯಾರೂ ಅತ್ತ ನೋಡಲಿಲ್ಲ. ಪ್ರಶ್ನೆ ಇಟ್ಟದ್ದು ನಮ್ಮ ಮನೆಗೆ. ಅವಳ ಮಾತು ಅದರೊಳಗೆ ಬರುವುದಿಲ್ಲ. ನಾನು ಅಜ್ಜಿಯ ಹತ್ತಿರ ಹೋಗಿ, "ಅವರ ಮಗುವಿಗೆ ಯಾವ ನಾಗ?" ಎಂದು ಕೇಳಿದೆ. ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಹಾಂಗೆಲ್ಲ ಕೇಳ್ಲಾಗ" ಎಂದರು.

ಚಿಕ್ಕಮ್ಮನಿಗೆ ಆ ಉತ್ತರ ಸಾಕಾಗಲಿಲ್ಲ. ನಾಗಬನದ ಮರ ಕಡಿದವರು ಗಂಡನ ಮನೆಯ ಹಿರಿಯರು. ಆದರೆ ಮಗುವನ್ನು ಹೊತ್ತದ್ದು ತಾನು. ಅವರು ತಮ್ಮದೇ ಒಂದು ಕಾರಣ ಹುಡುಕಿಕೊಂಡಿದ್ದರು. 1980ರ ಫೆಬ್ರವರಿ 16ರಂದು ದೊಡ್ಡ ಸೂರ್ಯಗ್ರಹಣ. ಅಂಕೋಲಾ ಕಡೆ ಪೂರ್ತಿ ಕತ್ತಲಾಗಿತ್ತು, ನಮ್ಮಲ್ಲಿ ಅರೆಬರೆ. ಬಸುರಿ ಹೆಂಗಸರು ಹೊರಗೆ ಬರಬಾರದು ಎಂದು ಕದ ಹಾಕಿ ಕೂರಿಸಿದ್ದರು. ಚಿಕ್ಕಮ್ಮ ಕದದ ಸಂದಿಯಿಂದ ಅಂಗಳ ನೋಡಿದರಂತೆ. ಹಲಸಿನ ಮರದ ನೆರಳಿನಲ್ಲಿ ನೂರಾರು ಸಣ್ಣ ಸಣ್ಣ ಬಿದಿಗೆ ಚಂದ್ರಗಳು. ಎಷ್ಟು ಚಂದ ಇತ್ತು ಎಂದರೆ ಕಣ್ಣು ತೆಗೆಯಲು ಆಗಲಿಲ್ಲ. ಅದನ್ನು ನೋಡಿದ್ದಕ್ಕೇ ಮಗ ಹೀಗಾದ ಎಂದು ಇಪ್ಪತ್ತು ವರ್ಷ ನಂಬಿದ್ದರು. ಯಾರಿಗೂ ಹೇಳಿರಲಿಲ್ಲ.

ಮದ್ದು

ಪ್ರಶ್ನೆ ಇಟ್ಟ ಅದೇ ತಿಂಗಳು ಹೆಲಿಕಾಪ್ಟರ್ ಬಂದಿತ್ತು. ವರ್ಷಕ್ಕೆ ಎರಡು ಮೂರು ಸಲ ಬರುತ್ತಿತ್ತು. ನಾವು ಮಕ್ಕಳು ಬೈಲಿಗೆ ಓಡಿ ಹೋಗಿ ಕೈ ಬೀಸುತ್ತಿದ್ದೆವು. ಗುಡ್ಡೆಯ ಮೇಲಿನ ಗೇರು ತೋಟಕ್ಕೆ ಮದ್ದು ಬಿಡುವುದು ಎಂದು ದೊಡ್ಡವರು ಹೇಳುತ್ತಿದ್ದರು. ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆಗೆ ಮದ್ದು. ಬಾವಿ ಮುಚ್ಚಿಕೊಳ್ಳಿ ಎಂದು ಮೊದಲೇ ತಿಳಿಸುತ್ತಿದ್ದರು. ಬಾವಿಯನ್ನೇನೋ ಮುಚ್ಚಬಹುದು. ಸುರಂಗವನ್ನು ಮುಚ್ಚುವುದು ಹೇಗೆ? ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ, ಅದರಿಂದ ಸಣ್ಣಗೆ ಹರಿದು ಬರುವ ನೀರು. ಗುಡ್ಡೆಯ ಮೇಲೆ ಬಿದ್ದದ್ದು ಗುಡ್ಡೆಯೊಳಗೆ ಇಳಿಯುತ್ತದೆ. ನಾವು ಕುಡಿದದ್ದು ಅದೇ ನೀರು, ಜಟಾಧಾರಿಯ ತಂಬಿಲಕ್ಕೆ ಕೊಡಪಾನ ತುಂಬಿದ್ದೂ ಅದೇ ನೀರು.

ವಿಷಕ್ಕೆ ನಾವು ಮದ್ದು ಎಂದು ಹೆಸರಿಟ್ಟಿದ್ದೆವು. ಅಡಕೆಗೆ ಬೋರ್ಡೋ ಹೊಡೆಯುವುದಕ್ಕೂ ಮದ್ದು ಬಿಡುವುದು ಅಂತಲೇ ಹೇಳುತ್ತೇವೆ, ಈಗಲೂ. ಮದ್ದಿನ ಮೇಲೆ ಯಾರಿಗೆ ಸಂಶಯ ಬರುತ್ತದೆ? ಒಂದು ಪದ ನಮ್ಮನ್ನು ಕೇಳದ ಹಾಗೆ ಮಾಡಿತು. ಇನ್ನೊಂದು ಪದ, ಕೋಪ, ಕೇಳಬೇಕಾದ ದಿಕ್ಕನ್ನೇ ತಪ್ಪಿಸಿತು.

ಸರಿಯಾಗಿ ಕೇಳಿದವರು ಇಲ್ಲದಿರಲಿಲ್ಲ. ಕರುಗಳ ಕಾಲು ಯಾಕೆ ಹೀಗೆ ತಿರುಚುತ್ತಿದೆ ಎಂದು ಮೊದಮೊದಲೇ ಬರೆದವರು ನಮ್ಮ ಕಡೆಯವರೇ ಆದ ಪತ್ರಕರ್ತ ಶ್ರೀಪಡ್ರೆ. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಕ್ಯಾನ್ಸರ್, ಬುದ್ಧಿ ಬೆಳೆಯದ ಇಷ್ಟೊಂದು ಮಕ್ಕಳು ಯಾಕೆ ಎಂದು ಕೇಳಿದರು. ಯಾವ ಮನೆ, ಎಷ್ಟು ಜನ, ಯಾವ ಕಾಯಿಲೆ ಎಂದು ನೋಡುತ್ತಾ ಹೋದರು. ಪೆರಿಯ ಕಡೆ ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಎಪ್ಪತ್ತರ ದಶಕದ ಕೊನೆಗೆ ಶುರುವಾದ ಹೆಲಿಕಾಪ್ಟರ್ ಸಿಂಪಡಣೆ 2000ಕ್ಕೆ ನಿಂತಿತು. ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಜಾಸ್ತಿ ಗೇರು ತೋಟ, ಇಪ್ಪತ್ತು ವರ್ಷದ ಮೇಲೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಹಾಲು, ಜನರ ರಕ್ತ ಪರೀಕ್ಷೆ ಮಾಡಿ ಅದರಲ್ಲಿ ಹೆಲಿಕಾಪ್ಟರಿನಿಂದ ಬಿಡುತ್ತಿದ್ದ ಆ ಮದ್ದು, ಎಂಡೋಸಲ್ಫಾನ್, ಇದೆ ಎಂದರು. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದು ಹೇಳಿದ್ದು 2017ರಲ್ಲಿ. ಇವೆಲ್ಲ ನಮ್ಮವರಿಗೆ ಗೊತ್ತಿರುವುದೇ.

2001ರ ಆ ಸುದ್ದಿ ಇದ್ದ ಪೇಪರನ್ನು ನಾನೇ ಚಿಕ್ಕಮ್ಮನಿಗೆ ಓದಿ ಹೇಳಿದ್ದೆ. ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮೊರವನ್ನು ಕೆಳಗಿಟ್ಟರು. ಆಮೇಲೆ ಸಣ್ಣ ಸ್ವರದಲ್ಲಿ, "ಹಾಂಗಾರೆ ತಪ್ಪು ಎನ್ನದಲ್ಲ" ಎಂದರು. ಆಗಲೇ ನನಗೆ ಆ ಗ್ರಹಣದ ಕಥೆ, ಹಲಸಿನ ಮರದಡಿಯ ಚಂದ್ರಗಳ ಕಥೆ ಹೇಳಿದ್ದು. ಹೇಳಿ ಅತ್ತರು. ಇಪ್ಪತ್ತು ವರ್ಷ ಒಬ್ಬಳು ತಾಯಿ ಆ ಚಂದದ ನೆನಪನ್ನು ಪಾಪ ಎಂದು ಹೊತ್ತು ತಿರುಗಿದಳಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಥ ಒಬ್ಬ ದೇವರನ್ನು ಅವರ ಎದೆಯ ಮೇಲೆ ಇಟ್ಟದ್ದು ಯಾರು? ಬಸುರಿ ಹೆಂಗಸು ನೆರಳು ನೋಡಿದ್ದಕ್ಕೆ ಮಗುವಿನ ಕುತ್ತಿಗೆ ಮುರಿಯುವ ದೇವರನ್ನು?

ಅಂದಿನಿಂದ ಕೆಲವು ವರ್ಷ ನಾನು ದೇವಸ್ಥಾನಕ್ಕೆ ಹೋಗಲಿಲ್ಲ. ದೇವರು ದಯೆ ಉಳ್ಳವನಾದರೆ ಇದನ್ನು ಯಾಕೆ ತಡೆಯಲಿಲ್ಲ ಎಂದು ಕೇಳುತ್ತಿದ್ದೆ. ಶಕ್ತಿ ಇಲ್ಲವಾ, ಮನಸ್ಸಿಲ್ಲವಾ? ಬಹಳ ಹಳೆಯ ಪ್ರಶ್ನೆ. ಅದನ್ನು ಕೇಳಬಾರದು ಎಂದು ನಾನು ಹೇಳುವುದಿಲ್ಲ. ನೋವಿನಲ್ಲಿ ಇದ್ದವರ ಬಾಯಿಂದ ಅದು ತಾನಾಗಿ ಬರುತ್ತದೆ. ಆದರೆ ನನ್ನ ಬಾಯಲ್ಲಿ ಅದು ನಿಧಾನಕ್ಕೆ ಒಂದು ಅಭ್ಯಾಸ ಆಯಿತು. ಆಕಾಶದ ಕಡೆ ಮುಖ ಮಾಡಿ ಕೇಳುತ್ತಾ ಇರುವಾಗ ಕೆಳಗೆ ನೋಡುವುದು ತಪ್ಪುತ್ತಿತ್ತು. ಜೋಯಿಸರ ಎದುರು ಕೂತ ಚಿಕ್ಕಪ್ಪನೂ ದೇವರನ್ನು ಕೇಳಿದ್ದರು, ಯಾಕೆ ಕೋಪ ಎಂದು. ನಾನೂ ದೇವರನ್ನೇ ಕೇಳುತ್ತಿದ್ದೆ, ಯಾಕೆ ಸುಮ್ಮನಿದ್ದೀ ಎಂದು. ಅವರು ಕೈ ಮುಗಿದು ಕೇಳಿದರು, ನಾನು ಸಿಟ್ಟಿನಲ್ಲಿ ಕೇಳಿದೆ. ಇಬ್ಬರ ಪ್ರಶ್ನೆಯಲ್ಲೂ ಗುಡ್ಡೆಯ ಆಚೆಯ ಆ ಇನ್ನೊಂದು ಮಗು ಇರಲಿಲ್ಲ.

ಯಾರು ಸರಿಯಬೇಕು

ಇದು ನನಗೆ ಹೊಳೆದದ್ದು ಕಾಞಂಗಾಡಿನಲ್ಲಿ ಕೆಲಸಕ್ಕೆ ಇದ್ದಾಗ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ನೀಲೇಶ್ವರದವರು. ಒಂದು ದಿನ ಊಟದ ಹೊತ್ತಿಗೆ ನಿಮಗೆ ದೈವದಲ್ಲಿ ನಂಬಿಕೆ ಉಂಟಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಇಲ್ಲ, ಪಕ್ಕದ ಮನೆಯಲ್ಲಿ ಪಂಜುರ್ಲಿ ಉಂಟು, ತಂಬಿಲಕ್ಕೆ ನಾವೂ ಹೋಗುತ್ತೇವೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಅವರ ಮಲಯಾಳದಲ್ಲಿ ದೈವಂ ಎಂದರೆ ದೇವರು, ಎಲ್ಲರ ಮೇಲಿರುವ ದೇವರು. ನನ್ನ ಕನ್ನಡದಲ್ಲಿ, ಪಕ್ಕದ ಮನೆಯವರ ತುಳುವಿನಲ್ಲಿ, ದೈವ ಎಂದರೆ ಗುಡಿಯ ಪಕ್ಕದ ಕಟ್ಟೆಯಲ್ಲಿ ಕೂತು, ವರ್ಷಕ್ಕೊಮ್ಮೆ ಎದ್ದು ಬಂದು ಹೆಸರು ಹಿಡಿದು ಮಾತಾಡುವ ದೈವ. ಒಂದೇ ಪದ ಇಟ್ಟುಕೊಂಡು ಇಬ್ಬರೂ ಬೇರೆ ಬೇರೆಯವರ ಬಗ್ಗೆ ಹೇಳುತ್ತಿದ್ದೆವು. ಅದು ಗೊತ್ತಾದ ಮೇಲೆ ಅವರು, "ಹಾಗಾದರೆ ನಮ್ಮಲ್ಲಿಗೆ ಬನ್ನಿ, ಪೊಟ್ಟನ್ ತೆಯ್ಯಂ 'ದೈವ'ವೋ 'ದೈವಂ'ವೋ ನೀವೇ ನೋಡಿ ಹೇಳಿ" ಎಂದರು.

ಹೋದೆ. ಬೆಳಗಿನ ಜಾವ ಸುಮಾರು ನಾಲ್ಕು ಗಂಟೆ. ಮರದ ದೊಡ್ಡ ದೊಡ್ಡ ದಿಮ್ಮಿಗಳನ್ನು ರಾತ್ರಿಯೇ ಸುಟ್ಟು ಕೆಂಡದ ಗುಡ್ಡೆ ಮಾಡಿದ್ದರು. ಹತ್ತು ಮಾರು ದೂರ ನಿಂತರೂ ಮುಖಕ್ಕೆ ಬಿಸಿ ಹೊಡೆಯುತ್ತಿತ್ತು. ಮುಖವಾಡ ಹಾಕಿ, ಎಳೆ ತೆಂಗಿನ ಗರಿ ಸುತ್ತಿಕೊಂಡ ಪೊಟ್ಟನ್ ಆ ಕೆಂಡದ ಮೇಲೆ ಹೋಗಿ ಮಲಗಿತು. ಒರಗಿ ಕೂತಿತು. ಚಳಿ ಎನ್ನುತ್ತದೆ ಎಂದು ಪಕ್ಕದಲ್ಲಿದ್ದವರು ಹೇಳಿದರು. ಪೊಟ್ಟನ್ ಎಂದರೆ ಕಿವುಡ, ಏನೂ ತಿಳಿಯದವನು ಎಂದು ಅರ್ಥ. ಕಥೆ ನಮಗೂ ಗೊತ್ತಿರುವುದೇ. ಶಂಕರಾಚಾರ್ಯರು ದಾರಿಯಲ್ಲಿ ಹೋಗುವಾಗ ಎದುರಿಗೆ ಒಬ್ಬ ಚಂಡಾಲ ಬಂದ, ದೂರ ಸರಿ ಎಂದರು, ಅವನು ಸರಿಯುವ ಬದಲು ಕೇಳಿದ. ಸಂಸ್ಕೃತದಲ್ಲಿ ಓದಿದವರಿಗೆ ಆ ಪ್ರಶ್ನೆ ಗೊತ್ತು: ಅನ್ನದಿಂದ ಆದ ದೇಹ ಅನ್ನದಿಂದ ಆದ ದೇಹಕ್ಕೆ ದಾರಿ ಬಿಡಬೇಕಾ, ಇಲ್ಲ ಚೈತನ್ಯ ಚೈತನ್ಯಕ್ಕೆ ದಾರಿ ಬಿಡಬೇಕಾ? ತೆಯ್ಯಂನಲ್ಲಿ ಹೇಳುವ ತೋಟ್ಟಂ ಹಾಡಿನಲ್ಲಿ ಅದು ಇನ್ನೂ ನೆಲಕ್ಕೆ ಹತ್ತಿರ ಬರುತ್ತದೆ. ನಿಮಗೆ ಗಾಯವಾದರೂ ನಮಗೆ ಗಾಯವಾದರೂ ಬರುವ ನೆತ್ತರು ಒಂದೇ ಅಲ್ಲವಾ? ನಾವು ಕಸದ ರಾಶಿಯಲ್ಲಿ ನೆಟ್ಟ ಬಾಳೆಯ ಹಣ್ಣನ್ನೇ ಅಲ್ಲವಾ ನಿಮ್ಮ ದೇವರಿಗೆ ಇಡುವುದು? ಜೊತೆಗಿದ್ದವರು ಸಾಲು ಸಾಲಾಗಿ ನನಗೆ ಅರ್ಥ ಹೇಳುತ್ತಾ ಹೋದರು.

ಆ ಹೊತ್ತಿಗೆ ಕಣ್ಣೆದುರಿಗೆ ಬಂದದ್ದು ಚಿಕ್ಕಮ್ಮನ ಅಂಗಳದ ದರೆ. ಅದರಾಚೆ ನಿಂತ ಆ ಹೆಂಗಸು. ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ. ಅವಳು ಹೇಳಿದ್ದನ್ನು ಅವತ್ತು ಒಬ್ಬರು ಕೇಳಿಸಿಕೊಂಡಿದ್ದರೆ, ಒಂದೇ ನೀರು ಕುಡಿದ ಮೂರು ಮನೆಗಳಲ್ಲಿ ಮೂರು ಮಕ್ಕಳು ಎಂದು ಗೊತ್ತಾಗುತ್ತಿತ್ತು. ಮೂರೂ ಮನೆಯ ಅಜ್ಜಂದಿರು ಒಂದೇ ನಾಗಬನದ ಮರ ಕಡಿದಿರಲಾರರು ಎಂದು ಯಾರಿಗಾದರೂ ಹೊಳೆಯುತ್ತಿತ್ತು. ನಮ್ಮ ಅಂಗಳಕ್ಕೆ ಒಂದು ಗಡಿ ಇತ್ತು. ನಮ್ಮ ಪ್ರಶ್ನೆಗೂ ಅದೇ ಗಡಿ. ನಮ್ಮ ದೇವರನ್ನೂ ಅದರೊಳಗೇ ಕೂರಿಸಿದ್ದೆವು. ಉತ್ತರ ಹೇಳುವವಳು ಗಡಿಯ ಆಚೆ ನಿಂತಿದ್ದಳು. ಮತ್ತೆ ಈ ಕಥೆಯಲ್ಲಿ ದಾರಿಯಲ್ಲಿ ಎದುರು ನಿಂತು ಕೇಳುವವನೇ ಶಿವ.

ದೇವರ ಬಗ್ಗೆ ಎಂಥ ಪ್ರಶ್ನೆ ಕೇಳಬೇಕು ಎಂದು ಯೋಚಿಸುವಾಗ ನನಗೆ ಆ ಕೆಂಡದ ಬಿಸಿ ನೆನಪಾಗುತ್ತದೆ. ದೇವರು ಹೇಗಿದ್ದಾನೆ, ಎಲ್ಲಿದ್ದಾನೆ, ಶಕ್ತಿ ಎಷ್ಟು ಎಂದು ಕೇಳಬಹುದು. ಅದಕ್ಕೆ ಮೊದಲು, ಈ ಪ್ರಶ್ನೆಯನ್ನು ನಾನು ಎಲ್ಲಿ ನಿಂತು ಕೇಳುತ್ತಿದ್ದೇನೆ? ಯಾರನ್ನು ದೂರ ನಿಲ್ಲಿಸಿ ಕೇಳುತ್ತಿದ್ದೇನೆ? ನಾನು ಕೇಳಿದ ಮೇಲೆ ಪಕ್ಕದವರ ಕಡೆಗೆ ಜಾಸ್ತಿ ನೋಡುತ್ತೇನಾ, ಕಡಿಮೆ ನೋಡುತ್ತೇನಾ? ಮಂಜೇಶ್ವರದ ಉದ್ಯಾವರದಲ್ಲಿ ಅರಸು ದೈವಗಳ ಪಾತ್ರಿಗಳು ಜಾತ್ರೆಗೆ ಕರೆಯಲು ಮಸೀದಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಗೌರವದಿಂದ ಬರಮಾಡಿಕೊಳ್ಳುತ್ತಾರೆ. ಅಲ್ಲಾಹನೂ ದೈವವೂ ಒಂದೇನಾ ಬೇರೆಯಾ ಎಂದು ಅಲ್ಲಿ ಯಾರೂ ಚರ್ಚೆಗೆ ಕೂರುವುದಿಲ್ಲ. ಕರೆಯುವುದು ಬಾಕಿ ಉಂಟು, ಕರೆಯುತ್ತಾರೆ. ಅದೂ ದೇವರ ಸ್ವರೂಪದ ಬಗ್ಗೆ ಒಂದು ಯೋಚನೆಯೇ ಎಂದು ನನಗೆ ಅನಿಸುತ್ತದೆ.

ನಾನು ಮತ್ತೆ ದೇವಸ್ಥಾನಕ್ಕೆ ಹೋಗುತ್ತೇನೆ. ಜಟಾಧಾರಿಗೂ ಕೈ ಮುಗಿಯುತ್ತೇನೆ. ಆ ದೈವದ ಮೇಲೆ ಇಪ್ಪತ್ತು ವರ್ಷ ನಾವು ಹೊರಿಸಿದ ಆರೋಪ ದೊಡ್ಡದು. ಅದಕ್ಕೆ ಒಂದು ತಪ್ಪುಕಾಣಿಕೆ ಇಡಬೇಕಾಗಿದ್ದರೆ ಅದನ್ನು ಇಡಬೇಕಾದವರು ನಾವು.

ಗಂಜಿಯ ಹೊತ್ತು

ಚಿಕ್ಕಮ್ಮನ ಮನೆಗೆ ತಲುಪುವಾಗ ಹೊತ್ತು ಇಳಿದಿತ್ತು. ಅವರಿಗೆ ಈಗ ಅರುವತ್ತೈದು. ಚಿಕ್ಕಪ್ಪ ಇಲ್ಲ. ಮಗನಿಗೆ ನಲುವತ್ತೈದು ಆಯಿತು. ದೇಹ ಹತ್ತು ವರ್ಷದ ಹುಡುಗನಷ್ಟೇ. ಕಣ್ಣು ಮಾತ್ರ ಬಂದವರನ್ನು ಹಿಂಬಾಲಿಸುತ್ತದೆ, ಚಿಕ್ಕಮ್ಮನ ಸ್ವರ ಕೇಳಿದರೆ ನಗು ಬರುತ್ತದೆ. ದೇವರ ಮುಂದೆ ದೀಪ ಹಚ್ಚಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೆತ್ತಗೆ ಕಿವುಚಿದ ಗಂಜಿ ತಿನ್ನಿಸಲು ಕೂತರು. ಒಂದು ಚಮಚ ಇಳಿಯಲು ಎರಡು ನಿಮಿಷ ಬೇಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ದಿನಕ್ಕೆ ಮೂರು ಹೊತ್ತು, ನಲುವತ್ತೈದು ವರ್ಷ. ಮಗಳು ಹತ್ತಿರ ಹೋಗಿ ಕೂತಳು.

ನಾನು ತಡೆಯಲಾಗದೆ ಕೇಳಿದೆ, ದೇವರ ಮೇಲೆ ನಿಮಗೆ ಸಿಟ್ಟು ಬರಲಿಲ್ಲವಾ ಎಂದು. ಚಿಕ್ಕಮ್ಮ ಸೆರಗಿನಿಂದ ಮಗನ ಗಲ್ಲ ಒರಸಿದರು. ಬಂದಿತ್ತು ಎಂದರು. ಈಗ ದಿನಾ ದೀಪ ಹಚ್ಚುವಾಗ ಒಂದನ್ನೇ ಕೇಳುತ್ತೇನೆ ಎಂದರು. "ಆನು ಹೋದ ಮತ್ತೆ ಇವಂಗೆ ಆರು?" ನಾನು ಹೋದ ಮೇಲೆ ಇವನಿಗೆ ಯಾರು ಎಂದು. ನಮ್ಮ ಕಡೆಯ ಎಷ್ಟೋ ಅಮ್ಮಂದಿರು ಕೇಳುವುದು ಇದನ್ನೇ. ದೇವರನ್ನೂ ಕೇಳುತ್ತಾರೆ, ಕಲೆಕ್ಟರನ್ನೂ ಕೇಳುತ್ತಾರೆ, ಧರಣಿ ಕೂತು ತಿರುವನಂತಪುರದಲ್ಲೂ ಕೇಳಿದ್ದಾರೆ. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಬಸ್ಸಿನಲ್ಲಿ ಮಗಳಿಗೆ ಹೇಳಿದ "ಉಂಟು" ಎಂಬ ಮಾತು ಅಲ್ಲಿ ನಾಲಿಗೆಗೆ ಬರಲೇ ಇಲ್ಲ.

ಮಗ ಬಾಯಿ ತೆರೆಯಲಿ ಎಂದು ಚಿಕ್ಕಮ್ಮ ಕಥೆ ಶುರು ಮಾಡಿದರು. ಅನಂತಪುರದ ಕಥೆ. ಕುಂಬಳೆ ಹತ್ತಿರದ ಕೆರೆಯ ನಡುವಿನ ದೇವಸ್ಥಾನ, ನೋಡದವರು ಯಾರಿದ್ದಾರೆ. ಬಿಲ್ವಮಂಗಲ ಸ್ವಾಮಿಗಳು ತಪಸ್ಸು ಮಾಡುತ್ತಿದ್ದರು, ಒಂದು ದಿನ ಕಣ್ಣು ತೆರೆದರೆ ಎದುರಿಗೆ ಒಬ್ಬ ಪುಟ್ಟ ಹುಡುಗ. ನೀನು ಯಾರು, ಎಲ್ಲಿಯವನು ಎಂದು ಕೇಳಿದರು. ನನಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಮನೆ ಇಲ್ಲ ಎಂದ. ಹಾಗಾದರೆ ಇಲ್ಲೇ ಇರು ಎಂದರು ಸ್ವಾಮಿಗಳು. "ಇಲ್ಲೇ ಇರು" ಎನ್ನುವಾಗ ಚಿಕ್ಕಮ್ಮ ಮಗನ ಹಣೆಯ ಕೂದಲು ಹಿಂದೆ ಸರಿಸಿದರು. ಅವನು ಬಾಯಿ ತೆರೆದ. ಅಲ್ಲಿಗೆ ಕಥೆ ನಿಲ್ಲಿಸಿ ಇನ್ನೊಂದು ಚಮಚ ತಿನ್ನಿಸಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಅಲ್ಲೇ ನಿಲ್ಲಿಸಿದರು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹುಡುಗ ಸ್ವಾಮಿಗಳ ಸೇವೆ ಮಾಡಿಕೊಂಡು ಇರುತ್ತಾನೆ. ಒಂದು ದಿನ ಅವನ ತುಂಟತನ ತಡೆಯಲಾಗದೆ ಅವರು ಎಡಗೈಯಿಂದ ದೂಡುತ್ತಾರೆ. ನನ್ನನ್ನು ನೋಡಬೇಕೆಂದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಹುಡುಗ ಮಾಯವಾಗುತ್ತಾನೆ. ತಾನು ದೂಡಿದ್ದು ಯಾರನ್ನು ಎಂದು ಸ್ವಾಮಿಗಳಿಗೆ ಗೊತ್ತಾಗುವುದು ಆಗ. ಅವನನ್ನು ಹುಡುಕುತ್ತಾ ಹೋಗಿ ತಿರುವನಂತಪುರ ತಲುಪುತ್ತಾರೆ. ಮಗಳಿಗೆ ಇದೆಲ್ಲ ಗೊತ್ತು. ಸಣ್ಣವಳಿದ್ದಾಗ ಕೆರೆಯ ಮೊಸಳೆ ಬಬಿಯಾವನ್ನು ತೋರಿಸಲು ಕರೆದುಕೊಂಡು ಹೋದಾಗಲೆಲ್ಲ ನಾನೇ ಹೇಳಿದ್ದೇನೆ.

ಹಿಂದೆ ಬರುವ ಬಸ್ಸು ಖಾಲಿ ಇತ್ತು. ಹೊರಗೆ ಪೂರ್ತಿ ಕತ್ತಲೆ, ಗೇರು ಗುಡ್ಡೆ ಕಾಣುತ್ತಿರಲಿಲ್ಲ. ಪೆರ್ಲ ಹತ್ತಿರ ಬರುವವರೆಗೂ ಮಗಳು ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ. ಇಳಿಯಲು ಏಳುವಾಗ ಅವಳು, "ಅಪ್ಪಾ, ಅಜ್ಜಿ ಕಥೆಯಲ್ಲಿ ದೂಡುವುದನ್ನು ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

ಈ ಸಲ ನಾನು ಬೇಗ ಉತ್ತರ ಕೊಡಲಿಲ್ಲ. ಕಾಸರಗೋಡಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಇಬ್ಬರೂ ಕೂತುಕೊಂಡೆವು.

"ನಿನಗೆ ಏನನ್ನಿಸುತ್ತದೆ?" ಎಂದು ಕೇಳಿದೆ.